ಧಾರವಾಡದ ಅಕ್ಕ ಓದಿ ಹೇಳಿದ ಕಾದಂಬರಿ

ಕಾದಂಬರಿಗಳಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಹೊಡೆದರೆ ಛಟೀರೆಂದು ಸದ್ದಾಗುತ್ತದೆ. ಮದುವೆಯಾಗಿ ಎರ್ನಾಕುಳಕ್ಕೆ ಬರುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಮನುಷ್ಯರ ಮೈಗೆ ಮುಷ್ಟಿ ಬಿದ್ದರೆ ಅಷ್ಟು ಸದ್ದಾಗುವುದಿಲ್ಲ. ಕಲಸಿದ ಹಿಟ್ಟಿನ ಮುದ್ದೆಯನ್ನು ಹಲಗೆಯ ಮೇಲೆ ಬಿಟ್ಟ ಹಾಗೆ ಆಗುತ್ತದೆ, ಅಷ್ಟೆ. ಮಹಡಿಯಲ್ಲಿದ್ದ ನಮಗೆ ಕೇಳುತ್ತಿದ್ದುದು ಅದಲ್ಲ. ಪಾತ್ರೆ ಉರುಳುವುದು ಕೇಳುತ್ತಿತ್ತು, ಬಾಗಿಲ ಚಿಲಕ ಬೀಳುವುದು ಕೇಳುತ್ತಿತ್ತು, ಆಮೇಲೆ ಮಗು ಅಳುವುದು. ಹೊಡೆತ ತಿಂದವಳ ದನಿ ಮಾತ್ರ ಕೇಳುತ್ತಿರಲಿಲ್ಲ.

ಅವು ಅರವತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಮೈಸೂರಿನಿಂದ ವರ್ಗವಾಗಿತ್ತು. ಕಾಲುವೆಯ ಪಕ್ಕದ ಹಳೆಯ ಮನೆಯೊಂದರ ಮಹಡಿಯಲ್ಲಿ ನಾವು, ಕೆಳಗೆ ಇನ್ನೊಂದು ಕನ್ನಡ ಸಂಸಾರ, ಹಿತ್ತಲ ಕೋಣೆಯಲ್ಲಿ ಮನೆಯ ಒಡತಿ. ಒಡತಿ ವಿಧವೆ, ಎಲ್ಲರೂ ಆಕೆಯನ್ನು ಅಮ್ಮಚ್ಚಿ ಎನ್ನುತ್ತಿದ್ದರು. ಕೆಳಗಿನ ಮನೆಯವನು ಪಕ್ಕದ ಏಲೂರಿನ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್. ಮಂಗಳೂರಿನಲ್ಲಿ ಓದಿದವನು, ಮೆತ್ತಗೆ ಮಾತಾಡುವವನು. ಅವನ ಹೆಂಡತಿಗೆ ಆಗ ಇಪ್ಪತ್ತು ತುಂಬಿತ್ತೋ ಇಲ್ಲವೋ, ಜೊತೆಗೊಂದು ಪುಟ್ಟ ಮಗು. ಅವಳ ಹಿರಿಯರು ಕಾಸರಗೋಡಿನವರು, ಅವಳು ಹುಟ್ಟಿ ಬೆಳೆದದ್ದು ಕೊಚ್ಚಿಯಲ್ಲಿ. ಮನೆಯಲ್ಲಿ ಕನ್ನಡವಾಡಿದರೂ ಶಾಲೆಯಲ್ಲಿ ಕಲಿತದ್ದು ಮಲಯಾಳ. ಕನ್ನಡ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಒಂದು ಬೆಳಿಗ್ಗೆ ಅವರ ತುರಿಮಣೆ ಹಿಂದಿರುಗಿಸಲು ಕೆಳಗಿಳಿದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡಿದ್ದ, ಬಾವಿಯ ಹಗ್ಗ ಸುತ್ತಿಕೊಳ್ಳುವ ಹಾಗೆ. ಅವಳ ತಲೆಯನ್ನು ಅರೆಯುವ ಕಲ್ಲಿನ ಅಂಚಿಗೆ ಬಡಿದ. ಸ್ವಲ್ಪ ನಿಂತು ಮತ್ತೆ ಬಡಿದ. ಅವಸರವೇನೂ ಇರಲಿಲ್ಲ. ಸ್ಟೌ ಮೇಲೆ ಹಾಲು ಉಕ್ಕಿ ಬಂತು. ಜಡೆ ಬಿಡದೆ ಇನ್ನೊಂದು ಕೈಯಿಂದ ಪಾತ್ರೆ ಇಳಿಸಿದ. ಆಗ ನನ್ನನ್ನು ಕಂಡ.

"ಬನ್ನಿ, ಎಂತ ಬೇಕಿತ್ತು?" ಎಂದ. ದನಿ ಎಂದಿನ ಹಾಗೆ ಮೆತ್ತಗಿತ್ತು.

ಅವಳು ಗೋಡೆಯ ಕಡೆ ತಿರುಗಿ ಕೂತಳು. ಕಿವಿಯ ಹಿಂದಿನಿಂದ ರಕ್ತ ಇಳಿದು ರವಿಕೆಯ ಕತ್ತಿನ ಪಟ್ಟಿಯಲ್ಲಿ ಇಂಗುತ್ತಿತ್ತು. ತುರಿಮಣೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಾನು ಮೇಲೆ ಬಂದೆ. ಸಂಜೆ ಗಂಡನಿಗೆ ಹೇಳಿದಾಗ ಅವರು, "ಪರಸ್ಥಳ. ಇರೋದೇ ನಾಲ್ಕು ಕನ್ನಡದ ಮನೆ. ನಮಗ್ಯಾಕೆ?" ಎಂದರು.

ನಾಲ್ಕು ಮನೆಯ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ಬೆಂಗಳೂರಿನ ವಾರಪತ್ರಿಕೆಯೊಂದು ನಮ್ಮೆಲ್ಲರ ಪಾಲಿಗೆ ಒಂದೇ ಪ್ರತಿ ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಯಾರೂ ಒಬ್ಬರೇ ಓದಬಾರದು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಹಿಂದಿನ ಬೀದಿಯ ಧಾರವಾಡದ ಅಕ್ಕನ ಮನೆಯಲ್ಲಿ ಸೇರಬೇಕು. ಅಕ್ಕ ಧಾರಾವಾಹಿಯನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ ಕೇಳಬೇಕು. ಅಕ್ಕನಿಗೆ ಐವತ್ತು ಸಮೀಪಿಸಿತ್ತು. ಗಂಡ ಬಂದರಿನ ಕಚೇರಿಯಲ್ಲಿದ್ದರು. ಓದುವಾಗ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ನಡುವೆ ನಿಲ್ಲಿಸಿ ಬೈಯುವಾಗ ಧಾರವಾಡದ ಕನ್ನಡ.

ಆ ವರ್ಷದ ಕಥೆಯಲ್ಲಿ ಒಬ್ಬ ವಕೀಲ ಹೆಂಡತಿಯನ್ನು ಹೊಡೆಯುತ್ತಿದ್ದ. ಹೊಡೆತ ಬಿದ್ದ ಕೆನ್ನೆ ಕೆಂದಾವರೆಯಾಯಿತೆಂದು ಬರೆದಿತ್ತು. ಅಕ್ಕ ಓದು ನಿಲ್ಲಿಸಿದಳು.

"ಕೆಂದಾವರಿ ಅಂತ! ಬರದಾಂವನ ಕಪಾಳಕ್ಕ ಒಂದು ಬಿಟ್ರ ತಿಳೀತದ, ತಾವರಿ ಅರಳ್ತದೋ ಬಾವು ಬರ್ತದೋ."

ನಾವು ನಕ್ಕೆವು. ಕೆಳಗಿನ ಮನೆಯ ಹುಡುಗಿಯೂ ನಕ್ಕಳು, ಒಡೆದ ತುಟಿಗೆ ಕೈ ಅಡ್ಡ ಹಿಡಿದು.

"ಮತ್ತೆ? ಅವಳು ಎಂತ ಮಾಡಿದಳು?" ಎಂದಳು. ಅವಳು ಯಾವಾಗಲೂ ಕೇಳುತ್ತಿದ್ದುದು ಇದನ್ನೇ.

"ಏನ್ ಮಾಡ್ತಾಳವ್ವಾ. ದೇವರ ಮುಂದ ದೀಪಾ ಹಚ್ಚಿ ಅತ್ತಳು."

"ಅವನು?"

"ಅವಾ ಮುಂದಿನ ವಾರ ಮತ್ತ ಹೊಡೀತಾನ."

"ಸರಿಹೋಗ್ತಾನೆ ಬಿಡಿ," ಎಂದೆ ನಾನು. "ಕೊನೇ ಕಂತಿನಲ್ಲಿ ಎಲ್ಲ ಗಂಡಂದಿರೂ ಸರಿಹೋಗ್ತಾರೆ."

ಹುಡುಗಿ ನನ್ನ ಮುಖವನ್ನೇ ನೋಡಿದಳು. "ಇನ್ನು ಎಷ್ಟು ಕಂತು ಉಂಟು ಚೇಚಿ?" ಎಂದಳು.

ನನ್ನನ್ನು ಅವಳು ಮಲಯಾಳದಲ್ಲಿ ಅಕ್ಕನನ್ನು ಕರೆಯುವ ಹಾಗೆ ಚೇಚಿ ಎನ್ನುತ್ತಿದ್ದಳು. ಹೂ ಕಟ್ಟುತ್ತಿದ್ದವರೊಬ್ಬರು ಎದ್ದು ಕಾಫಿಗೆ ನೀರಿಟ್ಟರು.

ಸ್ತ್ರೀವಾದ ಎಂಬ ಮಾತನ್ನು ನಾವು ಆಗ ಕೇಳಿರಲಿಲ್ಲ. ಅದು ಗೊತ್ತಾದ ಮೇಲೆ, ಎಪ್ಪತ್ತರ ದಶಕದಲ್ಲಿ, ಹಿಂದೆ ಮೆಚ್ಚಿ ಓದಿದ್ದ ಕಾದಂಬರಿಗಳನ್ನು ಮತ್ತೆ ತೆಗೆದು ನೋಡಿದೆ. ಹೊಡೆತ ಬಿದ್ದ ಸಾಲಿನ ಮುಂದಿನ ಸಾಲಿನಲ್ಲಿ ಏನಿದೆ ಎಂಬುದನ್ನಷ್ಟೇ ನೋಡುತ್ತ ಹೋದೆ. ಬಹಳ ಕಡೆ ಅಲ್ಲಿ ಗಂಡಸಿನ ಪಶ್ಚಾತ್ತಾಪವಿತ್ತು. ಅವನು ಸಿಗರೇಟು ಹಚ್ಚುತ್ತಾನೆ, ಬಾಲ್ಯ ನೆನೆಯುತ್ತಾನೆ, ಅವನೊಳಗೆ ಬಿರುಗಾಳಿ ಏಳುತ್ತದೆ. ಹೊಡೆತ ತಿಂದವಳಿಗೆ ಒಂದು ಹನಿ ಕಣ್ಣೀರು ಕೊಟ್ಟು ಪಕ್ಕಕ್ಕೆ ಕೂರಿಸಿರುತ್ತಾರೆ. ಅವಳ ದವಡೆ ಅಲುಗಾಡುವುದಿಲ್ಲ, ಮೂತ್ರದಲ್ಲಿ ರಕ್ತ ಹೋಗುವುದಿಲ್ಲ. ಹೆಂಗಸರು ಬರೆದ ಕಥೆಗಳಲ್ಲೂ ಹೀಗೆಯೇ ಇತ್ತು. ಅಮ್ಮಚ್ಚಿ ಮಲಯಾಳದ ವಾರಪತ್ರಿಕೆಗಳನ್ನು ಒಂದಕ್ಷರ ಬಿಡದೆ ಓದುವವಳು. ನಿಮ್ಮ ಕಥೆಗಳ ಹೆಂಡತಿ ಏನು ಮಾಡುತ್ತಾಳೆ ಎಂದು ಹಿಂದೊಮ್ಮೆ ಕೇಳಿದಾಗ, "ನಮ್ಮವಳೂ ಕಾಲಿಗೇ ಬೀಳುತ್ತಾಳೆ ಮೋಳೆ, ಬೀಳುವ ಮೊದಲು ಮಾತ್ರ ಒಂದು ಭಾಷಣ ಮಾಡುತ್ತಾಳೆ" ಎಂದಿದ್ದಳು. ಮಗಳನ್ನು ಕರೆಯುವ ಹಾಗೆ ನನ್ನನ್ನು ಮೋಳೆ ಎನ್ನುತ್ತಿದ್ದಳು.

ಮೀನಿನ ಸಾರಿಗೆ ಉಪ್ಪು ಹೆಚ್ಚಾಗಿದ್ದ ಒಂದು ದಿನ ಕೆಳಗಿನ ಮನೆಯವನು ಒನಕೆಯಿಂದ ಹೆಂಡತಿಯ ಬಲಗೈ ಮುರಿದ. ತಲೆಗೆ ಬೀಸಿದ್ದು, ಅವಳು ಕೈ ಅಡ್ಡ ಒಡ್ಡಿದಳು. ನಾನು ಆ ಹೊತ್ತು ಬಾವಿಕಟ್ಟೆಯಲ್ಲಿದ್ದೆ. ಅವಳು ಹಿತ್ತಲ ಬಾಗಿಲಿಗೆ ಬಂದಾಗ ಮಣಿಕಟ್ಟಿನ ಕೆಳಗೆ ಕೈ ಬೇರೊಂದು ದಿಕ್ಕಿಗೆ ತಿರುಗಿತ್ತು. ಮಣಿಕಟ್ಟಿನವರೆಗೆ ಅವಳದು, ಅಲ್ಲಿಂದಾಚೆಗೆ ಯಾರದೋ ಎಂಬಂತೆ. ಮುಖ ಬೂದಿಯ ಬಣ್ಣವಾಗಿತ್ತು. ಕಟ್ಟು ಹಾಕುವ ವೈದ್ಯನಿಗೆ ಬಾವಿಕಟ್ಟೆಯಲ್ಲಿ ಜಾರಿದೆ ಎಂದಳು.

"ಆ ಬಾವಿಯಲ್ಲಿ ನಾನು ಮೂವತ್ತು ವರ್ಷ ನೀರು ಸೇದಿದ್ದೇನೆ," ಎಂದಳು ಅಮ್ಮಚ್ಚಿ ಅವನಿಗೆ ಕೇಳಿಸುವ ಹಾಗೆ. "ನಿನ್ನ ಹೆಂಡತಿಯನ್ನು ಮಾತ್ರ ಅದು ಬೀಳಿಸುತ್ತದೆ."

ಅವನು ನಕ್ಕು ಸೈಕಲ್ ಹತ್ತಿದ.

ಆ ವಾರ ಅವಳು ಬಿದಿರ ಸೀಳು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಓದು ಕೇಳಲು ಬಂದಳು. ಮಗು ಅವಳ ಪಕ್ಕದಲ್ಲಿ ನಿದ್ದೆ ಮಾಡಿತ್ತು. ಕಥೆಯಲ್ಲಿ ವಕೀಲ ಹೆಂಡತಿಯ ಹೊಟ್ಟೆಗೆ ಒದೆಯುವ ಕಂತು ಅದು. ಅಕ್ಕ ಅಲ್ಲಿಯವರೆಗೆ ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಕಟ್ಟು ಹಾಕಿದ ಕೈಯನ್ನು ನೋಡಿದಳು. ಕನ್ನಡಕ ಹಾಕಿಕೊಂಡು ಮುಂದೆ ಓದಿದಳು.

ನಾನು ಪಕ್ಕದಲ್ಲೇ ಕೂತಿದ್ದೆ, ಪುಟ ನನಗೆ ಕಾಣುತ್ತಿತ್ತು. ಒದೆ ತಿಂದ ಹೆಂಡತಿ ಗಂಡನ ಪಾದಗಳನ್ನು ತಬ್ಬಿ, ಅವನನ್ನು ಕ್ಷಮಿಸೆಂದು ದೇವರನ್ನು ಬೇಡುತ್ತಾಳೆ ಎಂದು ಅಚ್ಚಾಗಿತ್ತು. ಅಕ್ಕನ ಬೆರಳು ಆ ಸಾಲುಗಳ ಕೆಳಗೆ ಎಂದಿನಂತೆ ಸರಿಯುತ್ತಿತ್ತು. ಬಾಯಿ ಬೇರೆ ಹೇಳುತ್ತಿತ್ತು. ಅಕ್ಕನ ಬಾಯಲ್ಲಿ ವಕೀಲನ ಹೆಂಡತಿ ಎದ್ದಳು. ಗಂಡ ಮಲಗಿದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದಳು. ಮಗುವಿನ ಬಟ್ಟೆ ಚೀಲಕ್ಕೆ ತುಂಬಿದಳು. ರೊಟ್ಟಿ, ಶೇಂಗಾ ಚಟ್ನಿಪುಡಿ ಬುತ್ತಿ ಕಟ್ಟಿಕೊಂಡಳು. ಆ ಕಥೆಯಲ್ಲಿ ಅಲ್ಲಿಯವರೆಗೆ ಯಾರೂ ರೊಟ್ಟಿ ತಿಂದಿರಲಿಲ್ಲ. ನಾಲ್ಕನೆಯ ಮನೆಯವರು ತಲೆಯೆತ್ತಿ ನೋಡಿ ಮತ್ತೆ ಹೂ ಕಟ್ಟತೊಡಗಿದರು.

"ಕೈಯಲ್ಲಿ ದುಡ್ಡುಂಟಾ ಅವಳಿಗೆ?" ಹುಡುಗಿ ಮುಂದಕ್ಕೆ ಬಾಗಿದ್ದಳು.

ಅಕ್ಕ ಪುಟ ತಿರುಗಿಸಿದಳು. "ತಡೀ, ಬರ್ತದ... ಹಾಂ. ಬಳಿ ಮಾರಿದಳು."

"ಮಗು?"

"ಬಗಲಾಗ ಅದ."

"ಅವ ಹಿಂದೆ ಬರಲಿಲ್ವಾ?"

"ಬಂದಾ. ಸಿಗ್ತಾಳೋ ಇಲ್ಲೋ ಮುಂದಿನ ವಾರ ನೋಡೂಣು."

ಎಲ್ಲರೂ ಹೋದ ಮೇಲೆ ನಾನು ಉಳಿದೆ. "ಅಕ್ಕಾ, ಅದರಲ್ಲಿ ಹಾಗಿಲ್ಲ."

"ಇಲ್ಲ."

"ಅವಳು ನಂಬಿಬಿಡ್ತಾಳೆ."

"ನಂಬ್ಲಿ. ಕಾಲಿಗೆ ಬೀಳೂದನ್ನ ನಂಬಿಲ್ಲೇನು ನಾವು, ಇಷ್ಟ್ ವರ್ಷ?"

"ಮನೆ ಬಿಟ್ಟು ಹೊರಟವಳನ್ನ ಅವನು ಕೊಂದುಬಿಟ್ಟರೆ?"

ಅಕ್ಕ ಪತ್ರಿಕೆ ಮಡಚಿದಳು. "ಒಳಗಿದ್ರ ಕೊಲ್ಲೂದಿಲ್ಲಂತ ನೀ ಬರದುಕೊಡ್ತಿ ಏನು ತಂಗಿ?"

ಅಲ್ಲಿಂದ ಮುಂದೆ ವಾರವಾರವೂ ಎರಡು ಕಥೆ ನಡೆದವು. ಅಚ್ಚಿನಲ್ಲಿದ್ದವಳು ಗಂಡನ ಮನೆಯಲ್ಲೇ ಉಳಿದು ಬಸುರಿಯಾದಳು. ಅಕ್ಕನ ಬಾಯಲ್ಲಿದ್ದವಳು ಇನ್ನೊಂದು ಊರಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಗಂಡ ಹುಡುಕಿಕೊಂಡು ಬಂದು ಬೀದಿಯಲ್ಲಿ ಹೊಡೆದಾಗ ಕೂಗಿ ಜನ ಸೇರಿಸಿದಳು. ನಾನು ಅಕ್ಕಿ ಆರಿಸುತ್ತ ಎರಡನ್ನೂ ಹಿಂಬಾಲಿಸುತ್ತಿದ್ದೆ. ಕಟ್ಟು ಬಿಚ್ಚಿದ ಮೇಲೆ ಹುಡುಗಿಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

ಅವಳು ಹೊರಟ ದಿನ ನಾನು ಮೆಟ್ಟಿಲ ಮೇಲೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದೆ. ಕೆಳಗೆ ಬಾಗಿಲು ತೆರೆದಿತ್ತು. ಅವನು ಬೆಲ್ಟ್ ಬೀಸುತ್ತಿದ್ದ. ಆ ದಿನ ಮೊದಲ ಸಲ ಅವಳ ದನಿ ಕೇಳಿತು.

"ಅವಳು ಹೋದಳು. ನಾನೂ ಹೋಗ್ತೇನೆ."

"ಯಾವಳು?"

"ಕಥೆಯವಳು. ಅಕ್ಕ ಓದುವ ಕಥೆಯವಳು."

ಅವನು ನಿಜವಾಗಿ ನಕ್ಕ. "ಕಥೆಯವಳಂತೆ!" ಎಂದು ಮತ್ತೆ ಬೀಸಿದ. ಮಗು ತಾಯಿಯ ಸೀರೆ ಹಿಡಿದು ನಿಂತಿತ್ತು. ಬೆಲ್ಟಿನ ಬಕಲ್ ಮಗುವಿನ ಹುಬ್ಬಿಗೆ ತಗಲಿತು. ಚರ್ಮ ಬಾಯಿಬಿಟ್ಟು ಒಳಗೆ ಬೆಳ್ಳಗೆ ಕಂಡಿತು, ಆಮೇಲೆ ರಕ್ತ ಬಂತು. ಅವನು ಬೆಲ್ಟನ್ನು ಪ್ಯಾಂಟಿನ ಪಟ್ಟಿಗಳಲ್ಲಿ ತೂರಿಸಿ ಕಟ್ಟಿಕೊಂಡು ಶಿಫ್ಟಿಗೆ ಹೋದ.

ಹುಡುಗಿ ಮಗುವನ್ನೆತ್ತಿಕೊಂಡು ಮೇಲೆ ಬಂದಳು. ನಾನು ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದೆ, ಅವಳು ಕೆಳಗೆ ಹೋಗಿ ಚೀಲ ತುಂಬಿದಳು. ಅಮ್ಮಚ್ಚಿ ರಿಕ್ಷಾ ತಂದಳು. ಹುಡುಗಿಯ ಒಡಹುಟ್ಟಿದ ಅಕ್ಕ ತಿರುವನಂತಪುರದಲ್ಲಿದ್ದಳು, ಭಾವ ಅಲ್ಲಿಯ ತುಂಬ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಬಸ್ಸಿನ ಕಿಟಕಿಯಿಂದ ಅವಳು ಕೇಳಿದ್ದು ಒಂದೇ: "ಮಗು ಕಥೆಯವಳ ಹತ್ತಿರವೇ ಉಳಿಯಿತಲ್ಲ ಚೇಚಿ, ಕೊನೆಗೆ?"

"ಉಳಿಯಿತು," ಎಂದೆ.

ಸಂಜೆ ಅವನು ಮೇಲೆ ಬಂದ. ನನ್ನ ಗಂಡ ಇನ್ನೂ ಬಂದಿರಲಿಲ್ಲ. "ಎಲ್ಲಿ ಅವಳು? ನಿಮಗೆ ಗೊತ್ತುಂಟು," ಎಂದ. ನಾನು ಬಾಗಿಲು ಮುಚ್ಚಲು ಹೋದೆ. ಅವನು ನನ್ನ ತುರುಬು ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಹೊಡೆದ. ನೋವು ಆ ಕ್ಷಣಕ್ಕೆ ಬರುವುದಿಲ್ಲ. ಮೊದಲು ಬಾಯಿಯೊಳಗೆ ಕಬ್ಬಿಣದ ರುಚಿ ಬರುತ್ತದೆ, ನಾಲಿಗೆಗೆ ಒಂದು ಕಲ್ಲು ಸಿಗುತ್ತದೆ. ಅದು ನಿನ್ನ ಹಲ್ಲು ಎಂದು ಯಾರೋ ದೂರದಿಂದ ಹೇಳಿದ ಹಾಗೆ ತಿಳಿಯುತ್ತದೆ. ಎರಡನೆಯ ಸಲ ಹೊಡೆಯುವಷ್ಟರಲ್ಲಿ ಅಮ್ಮಚ್ಚಿ ಎಳನೀರು ಕೆತ್ತುವ ಕತ್ತಿ ಹಿಡಿದು ಮೆಟ್ಟಿಲು ಹತ್ತಿದ್ದಳು.

"ಎಡಾ! ಇಳಿ ಕೆಳಗೆ! ನೀನು ಕೊಡುವ ಬಾಡಿಗೆಯಲ್ಲಿ ಇವಳನ್ನೂ ಸೇರಿಸಿ ಕೊಟ್ಟಿದ್ದೇನೆ ಅಂದುಕೊಂಡೆಯಾ?"

ಅವನು ಇಳಿದುಹೋದ. ನನ್ನ ಗಂಡ ಮನೆಗೆ ಬಂದು ನನ್ನ ಮುಖ ನೋಡಿದರು. ನಮಗ್ಯಾಕೆ ಎಂಬ ಮಾತನ್ನು ಆಮೇಲೆ ಅವರ ಬಾಯಲ್ಲಿ ಕೇಳಲಿಲ್ಲ. ವರ್ಗಕ್ಕೆ ಅರ್ಜಿ ಹಾಕಿದರು. ಹೀಗೆ ನಾವೂ ತಿರುವನಂತಪುರಕ್ಕೆ ಬಂದೆವು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಂಡತಿ ಹಿಂದಿರುಗಬೇಕು, ಇಲ್ಲದಿದ್ದರೆ ಮಗು ತನ್ನ ವಶಕ್ಕೆ ಬರಬೇಕು ಎಂದು ಅವನು ಅಲ್ಲಿಯ ಕೋರ್ಟಿಗೆ ಅರ್ಜಿ ಹಾಕಿದ. ಮಗುವನ್ನು ಕಳೆದುಕೊಳ್ಳುವುದೋ ಒನಕೆಯ ಮನೆಗೆ ಮರಳುವುದೋ ಎಂಬುದು ಅವಳ ಮುಂದಿದ್ದ ಪ್ರಶ್ನೆ. ನನ್ನನ್ನು ಸಾಕ್ಷಿಗೆ ಕರೆದರು. ಜಡೆ, ಅರೆಯುವ ಕಲ್ಲು, ಹಾಲಿನ ಪಾತ್ರೆ, ಬಕಲ್, ಎಲ್ಲವನ್ನೂ ನನ್ನ ಹರಕು ಮಲಯಾಳದಲ್ಲಿ ಹೇಳಿದೆ. ಅವನ ವಕೀಲರು ನಗುನಗುತ್ತ ಕೇಳಿದರು:

"ನೀವು ಕಾದಂಬರಿ ಓದುವವರಂತೆ. ಇದೆಲ್ಲ ಕಂಡದ್ದೋ, ಓದಿದ್ದೋ?"

ಕೋರ್ಟಿನಲ್ಲಿದ್ದವರು ನಕ್ಕರು. "ಕಂಡದ್ದು," ಎಂದೆ. "ಓದಿದ್ದರಲ್ಲಿ ಹಾಲಿನ ಪಾತ್ರೆ ಇರುವುದಿಲ್ಲ."

ಅವರ ವಾದ ಇಷ್ಟು: ಈ ಹೆಂಗಸರು ಗುಂಪು ಸೇರಿ, ಗಂಡನನ್ನು ಬಿಟ್ಟುಹೋಗುವ ನಾಯಕಿಯ ಕಥೆ ಓದಿ, ಬುದ್ಧಿ ಬಲಿಯದ ಹುಡುಗಿಯ ತಲೆ ಕೆಡಿಸಿದರು. ಸಾಕ್ಷ್ಯಕ್ಕೆಂದು ಅವನು ಆ ತಿಂಗಳುಗಳ ಸಂಚಿಕೆಗಳನ್ನೆಲ್ಲ ಮಂಗಳೂರಿನಿಂದ ತರಿಸಿ ಕಟ್ಟು ಕಟ್ಟಿ ಕೊಟ್ಟಿದ್ದ. ಹೆಂಗಸರ ಕಾದಂಬರಿಯೆಂದು ತಾನು ಒಂದು ಪುಟವನ್ನೂ ಓದಿ ನೋಡಿರಲಿಲ್ಲ. ವಕೀಲರಿಗಂತೂ ಕನ್ನಡ ಬಾರದು. ಕಾಸರಗೋಡಿನ ಒಬ್ಬ ಗುಮಾಸ್ತರು ಆ ಕೋರ್ಟಿನಲ್ಲಿದ್ದರು. ಜಡ್ಜಿ ಅವರನ್ನು ಕರೆದು, ಓದಿ ಮಲಯಾಳದಲ್ಲಿ ಹೇಳಲು ಹೇಳಿದರು.

ಅವರು ಓದಿದರು. ನಾಯಕಿ ಗಂಡನ ಪಾದಗಳನ್ನು ತಬ್ಬಿದಳು. ಮುಂದಿನ ಕಂತಿನಲ್ಲೂ ಮನೆಯಲ್ಲೇ ಇದ್ದಳು, ಅದರ ಮುಂದಿನದರಲ್ಲೂ. ವಕೀಲರು ಒಂದು ಕ್ಷಣ ತಡವರಿಸಿ, ಆಮೇಲೆ ಇನ್ನೂ ದೊಡ್ಡದಾಗಿ ನಕ್ಕು, "ನೋಡಿ ಸ್ವಾಮಿ, ಇವರ ಕಥೆಯೇ ಹೇಳುತ್ತದೆ, ಒಳ್ಳೆಯ ಹೆಂಡತಿ ಉಳಿಯುತ್ತಾಳೆ" ಎಂದರು.

ನಾನು ಹುಡುಗಿಯನ್ನು ನೋಡಿದೆ. ಅವಳು ಬೆಂಚಿನ ಅಂಚನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು.

ಊಟದ ಬಿಡುವಿನಲ್ಲಿ ವರಾಂಡದಲ್ಲಿ ನನ್ನ ಎದುರು ನಿಂತಳು. "ಹಾಗಾದರೆ ಅವಳು ಹೋಗಲೇ ಇಲ್ವಾ?"

"ಇಲ್ಲ. ಅಕ್ಕ ತಾನೇ ಕಟ್ಟಿ ಹೇಳಿದ್ದು."

"ಮಷಿನ್? ಬಳೆ ಮಾರಿದ್ದು?"

"ಎಲ್ಲ ಅಕ್ಕನದೇ."

ಅವಳು ಗೋಡೆಗೆ ಒರಗಿದಳು. ಅವನು ಹೊಡೆದಾಗ ಒಮ್ಮೆಯೂ ಕೇಳದಿದ್ದ ಅಳು ಆಗ ಬಂತು. "ಒಬ್ಬಳಾದರೂ ಮೊದಲು ಹೋಗಿದ್ದಾಳೆ ಅಂತ ನಾನು ಬಂದದ್ದು ಚೇಚಿ," ಎಂದಳು. "ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟಿನಲ್ಲಿ ಇದ್ದಾಳೆ ಅಂತಲೇ ಬಂದದ್ದು. ಅಲ್ಲಿ ಯಾರೂ ಇರಲಿಲ್ವಾ? ನಾನು ಒಬ್ಬಳೇ ಬಂದದ್ದಾ?"

ಅವಳು ಮುಖ ತೊಳೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ವಕೀಲರು ಅದೇ ಪ್ರಶ್ನೆ ಅವಳಿಗೆ ಹಾಕಿದರು. ಕಥೆಯ ಹೆಂಗಸು ಉಳಿದಳಲ್ಲ, ನೀನು ಯಾಕೆ ಉಳಿಯಲಿಲ್ಲ? ಅವಳು ಗುಮಾಸ್ತರ ಕಡೆ ತಿರುಗಿದಳು. ಹೊಟ್ಟೆಗೆ ಒದ್ದ ಮರುದಿನ ಕಥೆಯವಳು ಏನು ಮಾಡಿದಳೆಂದು ಬರೆದಿದೆ ಎಂದು ಕೇಳಿದಳು. ಜಡ್ಜಿ ತಲೆಯಾಡಿಸಿದರು. ಗುಮಾಸ್ತರು ಪುಟ ಹುಡುಕಿ, ಬೆಳಿಗ್ಗೆ ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕಿದಳು ಎಂದರು.

"ಅಂಗಳಕ್ಕೆ ಬಗ್ಗಲಿಕ್ಕೆ ಆಗುವುದಿಲ್ಲ," ಎಂದಳು ಅವಳು. "ಹೊಟ್ಟೆಗೆ ಒದ್ದರೆ ಮೂರು ನಾಲ್ಕು ದಿನ ಬಗ್ಗಲಿಕ್ಕೆ ಆಗುವುದಿಲ್ಲ. ಕಕ್ಕಸಿಗೂ ಗೋಡೆ ಹಿಡಿದು ಹೋಗಬೇಕು." ಬಲಗೈ ಎತ್ತಿ ತೋರಿಸಿದಳು. ಸೊಟ್ಟ ಮಣಿಕಟ್ಟು, ಮಡಚದ ಬೆರಳು. "ಇದು ಕೂಡ ಆಮೇಲೆ ಸರಿಯಾಗಲಿಲ್ಲ."

ಜಡ್ಜಿ ಅವಳನ್ನು ಹತ್ತಿರಕ್ಕೆ ಕರೆಸಿ ಕೈ ನೋಡಿ ಏನೋ ಬರೆದುಕೊಂಡರು. ತೀರ್ಪು ಬಂದದ್ದು ಕೆಲವು ವಾರಗಳ ಮೇಲೆ. ಅವಳು ಹಿಂದಿರುಗಬೇಕಾಗಲಿಲ್ಲ, ಮಗು ಅವಳ ಬಳಿಯೇ ಉಳಿಯಿತು. ಅದಕ್ಕೆ ನನ್ನ ಸಾಕ್ಷ್ಯಕ್ಕಿಂತ, ಆ ಕೈಗಿಂತ, ಆ ದಿನ ಕೋರ್ಟು ಮುಗಿದ ಮೇಲೆ ನಡೆದದ್ದೇ ಹೆಚ್ಚು ಕಾರಣವೆಂದು ಅವಳ ಕಡೆಯ ವಕೀಲರು ಹೇಳಿದರು.

ಕೋರ್ಟಿನ ಮೆಟ್ಟಿಲು ಇಳಿಯುತ್ತಿದ್ದೆವು. ಕರಿಕೋಟಿನವರು, ಕಕ್ಷಿಗಾರರು, ಅರ್ಜಿ ಟೈಪು ಮಾಡುವವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಪೋಲೀಸ್ ಪೇದೆ, ಎಲ್ಲರೂ ಅಲ್ಲಿದ್ದರು. ಅವಳ ಗಂಡ ಪಕ್ಕದಿಂದ ಬಂದ. ಮುಷ್ಟಿಯಿಂದ ಅವಳ ಬಾಯಿಗೆ ಹೊಡೆದ, ಬಿದ್ದವಳ ಪಕ್ಕೆಗೆ ಶೂ ಕಾಲಿನಿಂದ ಒದ್ದ, ಮತ್ತೆ ಒದ್ದ. ಮೆತ್ತಗಿನ ಆ ಮುಖದಲ್ಲಿ ಆಗಲೂ ಅವಸರವಿರಲಿಲ್ಲ. ಪೇದೆ ಓಡಿ ಬಂದು ಹಿಡಿದುಕೊಂಡ.

ಅವಳು ಕೈಯೂರಿ ಎದ್ದಳು. ಗಲ್ಲದಿಂದ ರಕ್ತ ಸೋರಿ ಸೀರೆಗೆ ಬೀಳುತ್ತಿತ್ತು. ಎಂದಿನಂತೆ ಮುಖ ಮುಚ್ಚಿಕೊಳ್ಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಸುತ್ತ ನಿಂತವರನ್ನು ನೋಡಿ ಮಲಯಾಳದಲ್ಲಿ, "ಕಂಡಲ್ಲೋ?" ಎಂದಳು. ಕಂಡಿರಲ್ಲ?

ಅವಳು ಒಂದು ಮೆಟ್ಟಿಲು ಇಳಿದು ಟೈಪು ಮಾಡುವವನ ಎದುರು ನಿಂತಳು. "ಕಂಡಲ್ಲೋ?" ಅವನು "ಕಂಡು" ಎಂದ, ಕಂಡೆ ಎಂದು. ಪಕ್ಕದವನನ್ನು ಕೇಳಿದಳು, ಅವನೂ "ಕಂಡು" ಎಂದ. ಕಾಸರಗೋಡಿನ ಗುಮಾಸ್ತರು ಕೇಳುವ ಮೊದಲೇ ಹೇಳಿದರು. ನನ್ನನ್ನೂ ಬಿಡಲಿಲ್ಲ. ಉಬ್ಬಿದ ತುಟಿಯಿಂದ ಅಪರಿಚಿತಳನ್ನು ಕೇಳುವಂತೆ ಕೇಳಿ, ನಾನು ಹೇಳುವವರೆಗೆ ನಿಂತಳು. ಕೊನೆಗೆ ಅವನ ವಕೀಲರ ಬಳಿ ಬಂದಳು. ಅವರು ಫೈಲುಗಳನ್ನು ಎದೆಗೊತ್ತಿಕೊಂಡು ಗೇಟಿನ ಕಡೆ ಸರಿಯುತ್ತಿದ್ದರು. ಅವಳು ದಾರಿಗಡ್ಡ ನಿಂತು, ಅವರು ಬಾಯಿ ತೆರೆಯುವುದನ್ನೇ ಕಾಯತೊಡಗಿದಳು.